ಇಲಿ ಇಲ್ಲದ ಮನೆಯಲ್ಲಿ ಬೆಕ್ಕಿನ ಊಟ

ಅರೆಕೆರೆಯಲ್ಲಿ ನಾವು ಮೂರು ಜನ ಹುಡುಗಿಯರು ಮನೆ ಮಾಡಿಕೊಂಡಿದ್ದೀವಿ. ಒಬ್ಬಳು ಮಂಡ್ಯದವಳು, ಒಬ್ಬಳು ರಾಯಚೂರಿನವಳು, ಒಬ್ಬಳು ಶಿರಸಿ ಕಡೆಯವಳು. ಮೂವರ ಕನ್ನಡವೂ ಬೇರೆ ಬೇರೆ, ಮೂವರೂ ಓದಿದ್ದು ಮಾತ್ರ ಇಂಗ್ಲಿಷ್ ಮೀಡಿಯಂ. ಹಾಗಾಗಿ ಈ ಬರಹದಲ್ಲಿ ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ಮೂರು ಜಿಲ್ಲೆಗಳಿಗೂ ಸಮಪಾಲು.

ನಾಲ್ಕನೆಯವನು ಬೆಲ್ಲ. ಅವನು ಬೆಕ್ಕು, ಅಪ್ಪಟ ಅರೆಕೆರೆಯವನು. ಆಗಸ್ಟ್‌ನಲ್ಲಿ ಮನೆ ಹಿಡಿದಾಗ ಗೀಸರ್, ಎರಡು ಫ್ಯಾನ್, ಒಂದು ಹಳೇ ಸಿಂಗಲ್ ಡೋರ್ ಫ್ರಿಜ್ ಜೊತೆ ಅವನೂ ಅಲ್ಲೇ ಇದ್ದ. ಮುಂಚೆ ಬಾಡಿಗೆಗೆ ಇದ್ದವರು ಊರು ಬಿಡುವಾಗ ಬಿಟ್ಟು ಹೋಗಿದ್ದರು. ಮೈಬಣ್ಣ ಥೇಟ್ ಮಂಡ್ಯದ ಅಚ್ಚು ಬೆಲ್ಲದ್ದು, ಅದಕ್ಕೇ ಆ ಹೆಸರು. ಬೆಕ್ಕಿನ ನಾಲಗೆಗೆ ಸಿಹಿ ಗೊತ್ತೇ ಆಗಲ್ಲ, ಸಿಹಿ ಗುರುತಿಸೋ ಜೀನ್ ಅವುಗಳಲ್ಲಿ ಕೆಲಸ ಮಾಡಲ್ಲ ಅಂತ 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರಂತೆ. ಇದು ಗೊತ್ತಾದ ಮೇಲೂ ನಾವು ಹೆಸರು ಬದಲಾಯಿಸಲಿಲ್ಲ.

ಈ ಬರಹ ಬೆಲ್ಲನ ಊಟದ ಬಗ್ಗೆ. ಒಂದು ಬೆಕ್ಕಿನ ಊಟದ ಬಗ್ಗೆ ಬರೆಯೋಕೆ ಏನಿದೆ ಅಂತ ನಿಮಗನ್ನಿಸಬಹುದು. ನಮಗೆ ಇದು ಒಂದು ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗಿಂತ ಹೆಚ್ಚು ಕೆಲಸ ಕೊಟ್ಟಿದೆ. ಮಿನಿ ಪ್ರಾಜೆಕ್ಟ್ ಓಡದಿದ್ದರೆ ನಾಲ್ಕು ಮಾರ್ಕ್ಸ್ ಹೋಗುತ್ತೆ, ಅಷ್ಟೇ. ಇಲ್ಲಿ ಹೋಗೋದು ಕಣ್ಣು.

ಸೆಪ್ಟೆಂಬರ್‌ನಲ್ಲಿ ಅವನನ್ನ ಲಸಿಕೆ ಹಾಕಿಸೋಕೆ ಅಂತ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ್ವಿ. ತೂಕ 2.4 ಕೆಜಿ. ಎರಡು ವರ್ಷದ ಗಂಡು ಬೆಕ್ಕಿಗೆ ಅದು ಕಮ್ಮಿ. ರೋಮ ಒರಟು, ಬೆನ್ನಮೂಳೆ ಕೈಗೆ ಸಿಗುತ್ತಿತ್ತು. ಡಾಕ್ಟರ್ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಏನು ಹಾಕ್ತಾ ಇದ್ರು ಇದಕ್ಕೆ?"

ನಮಗೆ ಗೊತ್ತಿದ್ದಷ್ಟು ಹೇಳಿದ್ವಿ. ಮುಂಚಿನವರು ಹಾಲನ್ನ. ಕೆಳಗಿನ ಮಹಡಿಯ ಓನರ್ ಆಂಟಿ ಮೊಸರನ್ನ. ಎರಡನ್ನೂ ಅವನು ಚಪ್ಪರಿಸಿ ತಿನ್ನುತ್ತಿದ್ದ. ಮೇಡಂ ಅವನ ಕಣ್ಣಿಗೆ ಬೆಳಕು ಬಿಟ್ಟು ತುಂಬಾ ಹೊತ್ತು ನೋಡಿದರು, ಎದೆಗೆ ಸ್ಟೆತ್ ಇಟ್ಟು ಕೇಳಿದರು. "ಸದ್ಯಕ್ಕೆ ಎರಡೂ ಚೆನ್ನಾಗಿದೆ. ಹೀಗೇ ಮುಂದುವರಿದರೆ ಚೆನ್ನಾಗಿರಲ್ಲ. ಇದು ಮಾಂಸ ತಿನ್ನೋ ಪ್ರಾಣಿ ಅಮ್ಮಾ, ನೀವು ತಿನ್ನಿ ಬಿಡಿ, ಅದು ತಿನ್ನಲೇಬೇಕು" ಅಂದರು.

ಮನೆಗೆ ಬಂದ ಮೇಲೆ ಶಿರಸಿಯವಳು ಒಪ್ಪಲಿಲ್ಲ. ಅವಳ ಮನೆಯಲ್ಲಿ ಮೂರು ತಲೆಮಾರಿನಿಂದ ಬೆಕ್ಕು ಸಾಕಿದ್ದಾರೆ, ಮೂರು ತಲೆಮಾರಿನಿಂದ ಹಾಲನ್ನವೇ. ಒಂದು ಬೆಕ್ಕಂತೂ ಹದಿನಾಲ್ಕು ವರ್ಷ ಬದುಕಿತ್ತಂತೆ. ಈ ಮಾತು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ತೆನಾಲಿ ರಾಮಕೃಷ್ಣನ ಕತೆಯಲ್ಲೂ ರಾಜ ಬೆಕ್ಕಿನ ಜೊತೆ ಕೊಟ್ಟಿದ್ದು ಹಾಲು ಕೊಡೋ ಹಸುವನ್ನೇ, ಕೋಳಿಯನ್ನಲ್ಲ. ಅವಳು ಅವತ್ತು ರಾತ್ರಿಯೇ ಊರಿಗೆ ಫೋನ್ ಮಾಡಿ ಆಯಿಯನ್ನ ಕೇಳಿದಳು: ಬೆಕ್ಕಿಗೆ ದಿನಕ್ಕೆ ಎಷ್ಟು ಅನ್ನ ಹಾಕ್ತೀರಿ ಅಂತ. ಆಯಿ ಹೇಳಿದ್ದು: ಒಂದು ಹಿಡಿ, ಬೆಳಿಗ್ಗೆ. ಆಮೇಲೆ? ಆಮೇಲೆ ಅದು ಅಟ್ಟಕ್ಕೆ ಹೋಗುತ್ತೆ, ಕೊಟ್ಟಿಗೆಗೆ ಹೋಗುತ್ತೆ, ತೋಟಕ್ಕೆ ಹೋಗುತ್ತೆ.

ಅಲ್ಲಿಗೆ ಲೆಕ್ಕ ಸಿಕ್ಕಿತು. ಅಟ್ಟದಲ್ಲಿ ಇಲಿ, ಕೊಟ್ಟಿಗೆಯಲ್ಲಿ ಹಲ್ಲಿ, ತೋಟದಲ್ಲಿ ಕಪ್ಪೆ, ಓತಿಕ್ಯಾತ. ಹಳ್ಳಿಮನೆಯಲ್ಲಿ ಹಾಲನ್ನ ಅಂದರೆ ಬೆಳಗಿನ ಕಾಫಿ ಇದ್ದ ಹಾಗೆ, ಊಟ ಅದು ಹೊರಗೆ ಮಾಡಿಕೊಂಡು ಬರುತ್ತೆ. ನಾವು ನೋಡೋದು ಕಾಫಿಯನ್ನ ಮಾತ್ರ. ಅರೆಕೆರೆಯ ಎರಡನೇ ಮಹಡಿಯಲ್ಲಿ ಅಟ್ಟ ಇಲ್ಲ, ಕೊಟ್ಟಿಗೆ ಇಲ್ಲ. ಕೆಳಗೆ ಇಳಿದರೆ ಬೀದಿನಾಯಿಗಳು, ಅದರಾಚೆ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕು, ಮೆಟ್ರೋ ಕೆಲಸದ ಧೂಳು. ಬೆಲ್ಲ ಮನೆಯೊಳಗಿನ ಬೆಕ್ಕು. ಅವನಿಗೆ ಕಾಫಿಯೇ ಮೂರು ಹೊತ್ತಿನ ಊಟ ಆಗಿತ್ತು.

ಈಗ ಸ್ವಲ್ಪ ಬಯಾಲಜಿ. ಪಿಯುಸಿ ಮುಗಿದ ಮೇಲೆ ಇನ್ನು ಈ ಕಾಟ ಇಲ್ಲ ಅಂದ್ಕೊಂಡವರು ಕ್ಷಮಿಸಿ. ನಾಯಿ ಬೇಕಾದರೆ ಅನ್ನ, ರಾಗಿ ಮುದ್ದೆ ಬೆರೆಸಿಕೊಂಡು ಬದುಕುತ್ತೆ. ಬೆಕ್ಕಿನ ದೇಹ ಹಾಗಲ್ಲ. ನಮ್ಮ ದೇಹ ಕ್ಯಾರೆಟ್‌ನಲ್ಲಿರೋ ಬೀಟಾ ಕೆರೋಟಿನ್‌ನಿಂದ ವಿಟಮಿನ್ ಎ ಮಾಡಿಕೊಳ್ಳುತ್ತೆ, ಬೆಕ್ಕಿಗೆ ಅದು ಆಗಲ್ಲ, ಲಿವರ್‌ನಂಥ ಕಡೆಯಿಂದ ಸಿದ್ಧ ವಿಟಮಿನ್ನೇ ಬೇಕು. ಟಾರಿನ್ ಅನ್ನೋ ಇನ್ನೊಂದು ವಸ್ತು ಇದೆ. ಇದನ್ನ 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಮೊದಲು ಕಂಡುಹಿಡಿದರು. ನೀವು ಎನರ್ಜಿ ಡ್ರಿಂಕ್ ಕ್ಯಾನ್ ಮೇಲೆ ಓದೋ ಹೆಸರು ಅದೇ. ನಮಗೆ ಅದು ಇಲ್ಲದಿದ್ದರೂ ನಡೆಯುತ್ತೆ, ದೇಹವೇ ಮಾಡಿಕೊಳ್ಳುತ್ತೆ. ಬೆಕ್ಕಿನ ದೇಹ ಮಾಡೋದು ತೀರಾ ಸಾಲದು. ಅನ್ನದಲ್ಲಿ ಅದು ಇಲ್ಲ, ಹಾಲಿನಲ್ಲಿ ಇರೋದು ಲೆಕ್ಕಕ್ಕಿಲ್ಲದಷ್ಟು.

ಟಾರಿನ್ ಕಮ್ಮಿಯಾದರೆ ಬೆಕ್ಕಿನ ಕಣ್ಣಿನ ರೆಟಿನಾ ಹಾಳಾಗುತ್ತೆ ಅಂತ ಗೊತ್ತಾಗಿದ್ದು 1975ರಲ್ಲಿ. ಹೃದಯದ ವಿಷಯ ಗೊತ್ತಾಗಿದ್ದು 1987ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಿಯಾನ್ ಮತ್ತು ಜೊತೆಯವರು, ಗುಂಡಿಗೆ ಉಬ್ಬಿ ಸೋತುಹೋಗೋ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಮ್ಮಿ ಇದೆ, ಟಾರಿನ್ ಕೊಟ್ಟರೆ ಗುಂಡಿಗೆ ಮತ್ತೆ ಸರಿಹೋಗುತ್ತೆ ಅಂತ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದಿದ್ದು ಮೊಸರನ್ನ ಅಲ್ಲ, ಅಂಗಡಿಯಲ್ಲಿ ಸಿಗೋ ಬೆಕ್ಕಿನ ಆಹಾರ. ಅದಾದ ಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಜಾಸ್ತಿ ಮಾಡಿದವು. ಗುಂಡಿಗೆ ವಾಪಸ್ ಬರಬಹುದು, ಆದರೆ ಸತ್ತ ರೆಟಿನಾ ವಾಪಸ್ ಬರಲ್ಲ. ಮೇಡಂ ಅವನ ಕಣ್ಣನ್ನ ಅಷ್ಟು ಹೊತ್ತು ನೋಡಿದ್ದು ಅದಕ್ಕೆ.

ಹಾಗಾದರೆ ಪ್ಯಾಕೆಟ್ ಆಹಾರ ಹಾಕಿದರೆ ಮುಗೀತಲ್ಲ ಅಂತ ನೀವು ಕೇಳಬಹುದು. ಹೌದು, ಅದೇ ಎಲ್ಲಕ್ಕಿಂತ ಸುಲಭದ ಸರಿಯುತ್ತರ, ಮೇಡಂ ಕೂಡ ಮೊದಲು ಅದನ್ನೇ ಹೇಳಿದರು. ಬೆಲ್ಲ ಒಣ ಕಾಳಿನಂಥದ್ದನ್ನ ಮೂಸಿ ನೋಡಿ ಹೊರಟುಹೋದ. ಅದೂ ಅಲ್ಲದೆ ಅವನು ನೀರು ಕುಡಿಯೋದು ತೀರಾ ಕಮ್ಮಿ, ಮೂತ್ರದಲ್ಲಿ ಹರಳಿನ ಗುರುತು ಇತ್ತು, ಹಸಿ ತೇವದ ಆಹಾರವೇ ಆಗಬೇಕು ಅಂದರು. ತೇವದ ಪೌಚ್ ಒಂದಕ್ಕೆ 45 ರೂಪಾಯಿ, ದಿನಕ್ಕೆ ಮೂರು, ತಿಂಗಳಿಗೆ 4,050. ನಮ್ಮ ಮೂವರ ತರಕಾರಿ, ಹಾಲು, ಗ್ಯಾಸ್ ಸೇರಿಸಿದರೂ ಅಷ್ಟಾಗಲ್ಲ. ಬೋನ್‌ಲೆಸ್ ಕೋಳಿ ಕೆಜಿಗೆ 320 ಅಂತಿಟ್ಟರೂ ದಿನಕ್ಕೆ 120 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ 3.6 ಕೆಜಿ, ಅಂದರೆ 1,152 ರೂಪಾಯಿ. ಔಷಧಿ, ಪೂರಕ ಪುಡಿಗಳು ಸೇರಿಸಿದರೂ ಅರ್ಧಕ್ಕಿಂತ ಕಮ್ಮಿ. ಮಾಂಸವನ್ನ ನಾವೇ ತಯಾರು ಮಾಡೋದು ಅಂತ ತೀರ್ಮಾನ ಆಯ್ತು.

ಕೋಳಿ ತಂದು ಹಾಕೋದು ಅಡುಗೆಯಲ್ಲ, ಎಂಜಿನಿಯರಿಂಗ್ ಅಂತ ಗೊತ್ತಾಗೋಕೆ ಒಂದು ವಾರ ಸಾಕಾಯ್ತು. ಬೆಕ್ಕು ಇಲಿಯನ್ನ ತಿನ್ನುವಾಗ ಬರೀ ಮಾಂಸ ತಿನ್ನಲ್ಲ. ಮೂಳೆ, ಲಿವರ್, ಗುಂಡಿಗೆ, ರಕ್ತ, ಮಿದುಳು ಎಲ್ಲಾ ತಿನ್ನುತ್ತೆ. ಒಂದು ಇಲಿ ಅಂದರೆ ಅಳತೆ ಮಾಡಿ ಕಟ್ಟಿದ ಬುತ್ತಿ. ನಮ್ಮ ಕೆಲಸ ಕೋಳಿ ಅಂಗಡಿಯ ಬಿಡಿಭಾಗಗಳಿಂದ ಆ ಇಲಿಯನ್ನ ಮತ್ತೆ ಜೋಡಿಸೋದು.

ದೊಡ್ಡ ತಲೆನೋವು ಕ್ಯಾಲ್ಸಿಯಂ. 1 ಕೆಜಿ ಬೋನ್‌ಲೆಸ್ ಕೋಳಿಯಲ್ಲಿ ರಂಜಕ ಹತ್ತಿರ ಹತ್ತಿರ 2 ಗ್ರಾಂ ಇರುತ್ತೆ, ಕ್ಯಾಲ್ಸಿಯಂ 0.1 ಗ್ರಾಂ ಆಸುಪಾಸು. ಬೆಕ್ಕಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, 1.2ಕ್ಕೆ 1 ಅಂತಿಟ್ಟುಕೊಳ್ಳಿ. ಬರೀ ಮಾಂಸ ಹಾಕುತ್ತಾ ಹೋದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತೆ, ಮರಿಗಳಲ್ಲಿ ಮೂಳೆ ಸುಮ್ಮನೆ ಮುರಿಯುತ್ತೆ. ಮೊಟ್ಟೆಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ತೂಕದಲ್ಲಿ ಶೇಕಡಾ 38ರಷ್ಟು ಕ್ಯಾಲ್ಸಿಯಂ. 2.4 ಗ್ರಾಂ ಬೇಕು ಅಂದರೆ ಸುಮಾರು 6 ಗ್ರಾಂ ಚಿಪ್ಪಿನ ಪುಡಿ. ತೊಳೆದು, ಬಿಸಿ ಮಾಡಿ ಒಣಗಿಸಿ, ಮಿಕ್ಸಿಯಲ್ಲಿ ಮೈದಾ ಥರ ನುಣ್ಣಗೆ ಪುಡಿ ಮಾಡಿ, ಒಂದು ಉಪ್ಪಿನಕಾಯಿ ಬಾಟಲಿಗೆ ತುಂಬಿಟ್ಟಿದ್ದೀವಿ. ಮನೆಗೆ ಬಂದವರು ಅದನ್ನ ರಂಗೋಲಿ ಪುಡಿ ಅಂದ್ಕೊಳ್ಳುತ್ತಾರೆ.

ಲಿವರ್ ಶೇಕಡಾ 5 ಸಾಕು. ಒಳ್ಳೇದು ಅಂತ ಜಾಸ್ತಿ ಹಾಕಿದರೆ ವಿಟಮಿನ್ ಎ ದೇಹದಲ್ಲಿ ಸೇರಿಕೊಂಡು ಕತ್ತಿನ ಮೂಳೆಗಳೇ ಬೆಸೆದುಕೊಳ್ಳುತ್ತವೆ. ಗುಂಡಿಗೆಯಲ್ಲಿ ಟಾರಿನ್ ಜಾಸ್ತಿ. ಎದೆಮಾಂಸಕ್ಕಿಂತ ತೊಡೆಯ ಮಾಂಸದಲ್ಲಿ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಜಿಮ್‌ಗೆ ಹೋಗೋರು ಎದೆಮಾಂಸ ಒಯ್ಯಲಿ, ನಮಗೆ ಲೆಗ್ ಪೀಸ್ ಬೇಕು.

ಇಷ್ಟನ್ನೆಲ್ಲ ಸ್ಪ್ರೆಡ್‌ಶೀಟ್ ಮಾಡಿ, ಬಣ್ಣ ಹಚ್ಚಿ, ಮೇಡಂಗೆ ತೋರಿಸಿದ್ವಿ. ಅವರು ನೋಡಿ ನಕ್ಕರು. ಆಮೇಲೆ ನಾವು ಖಾಲಿ ಬಿಟ್ಟಿದ್ದ ಜಾಗಗಳನ್ನ ಪೆನ್ನಿನಲ್ಲಿ ತುಂಬಿದರು. ವಿಟಮಿನ್ ಇ, ಥಯಮಿನ್, ಅಯೋಡಿನ್, ಸತು, ಮ್ಯಾಂಗನೀಸ್, ಮೀನೆಣ್ಣೆ, ಮೇಲಿಂದ ಟಾರಿನ್ ಪುಡಿ ಬೇರೆ. 2019ರಲ್ಲಿ ಅದೇ ಡೇವಿಸ್ ಕಡೆಯವರು ಪುಸ್ತಕ, ಇಂಟರ್ನೆಟ್ಟಿನಲ್ಲಿ ಸಿಗೋ ಬೆಕ್ಕಿನ 114 ಮನೆಯಡುಗೆ ರೆಸಿಪಿಗಳನ್ನ ಲೆಕ್ಕ ಹಾಕಿ ನೋಡಿದ್ದಾರೆ. ಒಂದೇ ಒಂದು ರೆಸಿಪಿಯಲ್ಲೂ ಎಲ್ಲಾ ಪೋಷಕಾಂಶ ಪೂರ್ತಿ ಇರಲಿಲ್ಲ. ಅದಕ್ಕೇ ನಮ್ಮ ಪೂರ್ತಿ ಅಳತೆಗಳನ್ನ ಇಲ್ಲಿ ಕೊಡುತ್ತಿಲ್ಲ. ನಿಮ್ಮ ಬೆಕ್ಕಿನ ಅಳತೆ ನಿಮ್ಮ ಡಾಕ್ಟರ್ ಬರೆಯಬೇಕು.

ಕೋಳಿ ಅಂಗಡಿ ಅಣ್ಣನಿಗೆ ನಾವು ವಿಚಿತ್ರ ಗಿರಾಕಿಗಳು. "ಲೆಗ್ ಬೋನ್‌ಲೆಸ್ ಮುಕ್ಕಾಲು ಕೆಜಿ, ಗುಂಡಿಗೆ ನೂರು ಗ್ರಾಂ, ಲಿವರ್ ಐವತ್ತು ಗ್ರಾಂ" ಅಂದರೆ, "ಐವತ್ತು ಗ್ರಾಂ ಲಿವರ್ ಏನಕ್ಕಾ, ಒಗ್ಗರಣೆಗಾ?" ಅಂದ. ಬೆಕ್ಕಿಗೆ ಅಂತ ಗೊತ್ತಾದ ಮೇಲೆ ಅವನಿಗೆ ನಿಜವಾಗಲೂ ಬೇಜಾರಾಯ್ತು. "ಬೆಕ್ಕಿಗೆ ದುಡ್ಡು ಕೊಟ್ಟು ತಗೋತೀರಾ? ಚರ್ಮ, ಕಾಲು ಎಲ್ಲಾ ಇದೆ, ಸುಮ್ನೆ ತಗೊಂಡೋಗಿ." ಕೊಬ್ಬಿನ ಚರ್ಮ ನಮ್ಮ ಶೀಟ್‌ಗೆ ಹೊಂದಲ್ಲ ಅಂತ ಅವನಿಗೆ ಹೇಗೆ ಹೇಳೋದು? ಈಗ ಅವನೇ ಗುಂಡಿಗೆಗಳನ್ನ ತೆಗೆದಿಟ್ಟಿರುತ್ತಾನೆ.

ಶಿರಸಿಯವಳ ಮಾತು ಇಲ್ಲಿ ಹೇಳಲೇಬೇಕು. ಅವಳು ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ. ಮೊದಲೇ ಒಪ್ಪಂದ ಆಗಿತ್ತು: ಕತ್ತರಿಸೋದು ಮಂಡ್ಯ, ಪಾತ್ರೆ ತೊಳೆಯೋದು ರಾಯಚೂರು, ಲೆಕ್ಕ ಮತ್ತು ಮೊಟ್ಟೆಚಿಪ್ಪು ಶಿರಸಿ. ಬೆಕ್ಕಿನ ಚಾಕು, ಹಲಗೆ, ಡಬ್ಬಿ ಎಲ್ಲಾ ಬೇರೆ, ಕೆಂಪು ಟೇಪ್ ಸುತ್ತಿರೋದು. ನವೆಂಬರ್‌ನಲ್ಲಿ ಒಂದು ಶನಿವಾರ ಮಂಡ್ಯದವಳು ಊರಿಗೆ ಹೋಗಿದ್ದಳು, ರಾಯಚೂರಿನವಳಿಗೆ ಜ್ವರ, ಡಬ್ಬಿ ಖಾಲಿ. ಶಿರಸಿಯವಳು ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಮೂಗಿಗೆ ವೇಲ್ ಕಟ್ಟಿಕೊಂಡು, ಮುಕ್ಕಾಲು ಗಂಟೆ ಕೂತು ಕತ್ತರಿಸಿದಳು. ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿನ, "ಗುಂಡಿಗೆ ಕುಯ್ದಾಗ ನಾಲ್ಕು ಕೋಣೆ ಕಾಣ್ಸ್ತು ಕಣೇ, ಪಿಯುಸಿ ಪುಸ್ತಕದ ಚಿತ್ರದ ಥರಾನೇ" ಅಂದಳು. ಅವಳು ಈಗಲೂ ಮಾಂಸ ತಿನ್ನಲ್ಲ. ಆದರೆ ಯಾರಾದರೂ ಅವಳ ಮುಂದೆ "ಬೆಕ್ಕನ್ನೂ ವೆಜಿಟೇರಿಯನ್ ಮಾಡಬಹುದಲ್ವಾ" ಅಂದರೆ ಮೊದಲು ತಿರುಗಿ ಬೀಳೋದು ಅವಳೇ. ತನ್ನ ವ್ರತ ತನಗೆ, ಬೆಕ್ಕಿನ ತಲೆ ಮೇಲೆ ಅದನ್ನ ಹೇರೋದು ಯಾಕೆ ಅನ್ನೋದು ಅವಳ ವಾದ.

ಮಾಂಸ ಸಿದ್ಧ ಆಯ್ತು, ತಿನ್ನಬೇಕಲ್ಲ? ಬೆಲ್ಲ ಹಸಿ ಮಾಂಸದ ತುಂಡನ್ನ ಮೂಸಿದ, ಪಕ್ಕದ ನೆಲವನ್ನ ಮುಂಗಾಲಿನಿಂದ ಕೆರೆದ. ಮಣ್ಣು ಮುಚ್ಚೋದು ಅಂದರೆ ಅದು. ಎರಡು ವರ್ಷ ಅನ್ನ ತಿಂದವನಿಗೆ ಮಾಂಸ ಆಹಾರ ಅಂತಲೇ ಅನ್ನಿಸಲಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಫೆರೆಟ್ ಸಾಕುವವರಿಂದ. ಫೆರೆಟ್ ಅಂದರೆ ಯುರೋಪ್, ಅಮೆರಿಕದ ಮನೆಗಳಲ್ಲಿ ಸಾಕೋ ಉದ್ದ ಮೈಯ ಪ್ರಾಣಿ, ನಮ್ಮ ಕಾವೇರಿಯ ನೀರುನಾಯಿಯ ದೂರದ ನೆಂಟ. ಅದೂ ಬೆಕ್ಕಿನ ಹಾಗೆ ಮಾಂಸ ಬಿಟ್ಟರೆ ಬದುಕಿಲ್ಲದ್ದು. ಮರಿಯಾಗಿದ್ದಾಗ ಮೊದಲ ಕೆಲವು ತಿಂಗಳಲ್ಲಿ ಯಾವ ವಾಸನೆಯ ಆಹಾರ ತಿಂದಿರುತ್ತೋ ಅದನ್ನೇ ಆಹಾರ ಅಂತ ಗುರುತಿಸುತ್ತೆ. ಹೊಸದನ್ನ ಮುಂದಿಟ್ಟರೆ ಹಸಿದು ಕೂತರೂ ಮುಟ್ಟಲ್ಲ. ಅದಕ್ಕೆ ಅದನ್ನ ಸಾಕುವವರು ಉಪವಾಸ ಕೆಡವಲ್ಲ, ಹಳೇ ಊಟದೊಳಗೆ ಹೊಸ ವಾಸನೆಯನ್ನ ಕಾಣದ ಹಾಗೆ ಸೇರಿಸುತ್ತಾ ಬರುತ್ತಾರೆ.

ನಾವೂ ಹಾಗೇ ಮಾಡಿದ್ವಿ. ಮೊದಲ ವಾರ ಅವನ ಅನ್ನಕ್ಕೆ ಹಾಲಿನ ಬದಲು ಉಪ್ಪು, ಮಸಾಲೆ ಇಲ್ಲದ ಕೋಳಿ ಬೇಯಿಸಿದ ನೀರು. ಎರಡನೇ ವಾರ ಅದರಲ್ಲಿ ಕಡಲೆಕಾಳಿನಷ್ಟು ಮಾಂಸ, ಅರೆದಿದ್ದು. ಆಮೇಲೆ ಕಾಲು ಭಾಗ, ಅರ್ಧ, ಮುಕ್ಕಾಲು. ಬಟ್ಟಲನ್ನ ಬಿಸಿನೀರಿನಲ್ಲಿ ಇಟ್ಟು ಮೈಶಾಖಕ್ಕೆ, ಅಂದರೆ 38 ಡಿಗ್ರಿ ಹತ್ತಿರಕ್ಕೆ ತರೋದು ದೊಡ್ಡ ಉಪಾಯ. ಆಗಷ್ಟೇ ಹಿಡಿದ ಇಲಿ ಫ್ರಿಜ್ಜಿನಷ್ಟು ತಣ್ಣಗಿರಲ್ಲ ನೋಡಿ. ಅದಕ್ಕೂ ಬಗ್ಗದ ದಿನ ಮೇಲೆ ಒಂದು ಚಿಟಿಕೆ ಒಣಸೀಗಡಿ ಪುಡಿ. ಅದರ ವಾಸನೆಗೆ ಬೆಲ್ಲ ಅಡುಗೆಮನೆಗೆ ಓಡಿ ಬಂದ, ಶಿರಸಿಯವಳು ಬಾಲ್ಕನಿಗೆ ಓಡಿ ಹೋದಳು.

ಒಂದು ನಿಯಮ ಮಾತ್ರ ಗೋಡೆ ಮೇಲೆ ಬರೆದು ಅಂಟಿಸಿದ್ವಿ: 24 ಗಂಟೆ ಏನೂ ತಿನ್ನದಿದ್ದರೆ ಪ್ರಯೋಗ ನಿಲ್ಲಿಸಿ ಹಳೇ ಊಟ ಕೊಡಬೇಕು. ಮೃಗಾಲಯಗಳಲ್ಲಿ ಹುಲಿ, ಸಿಂಹಕ್ಕೆ ವಾರಕ್ಕೊಂದು ದಿನ ಉಪವಾಸ ಇಡೋ ಪದ್ಧತಿ ಇದೆ, ಆದರೆ ಮನೆಬೆಕ್ಕು ಹುಲಿಯಲ್ಲ. ಎರಡು ಮೂರು ದಿನ ಊಟ ಬಿಟ್ಟರೆ ದೇಹದ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ, ಲಿವರ್ ಕೆಲಸ ನಿಲ್ಲಿಸಿ ಸತ್ತೇ ಹೋಗಬಹುದು. "ಹಸಿದರೆ ತಾನೇ ತಿನ್ನುತ್ತೆ ಬಿಡ್ರೀ" ಅನ್ನೋದು ಬೆಕ್ಕಿನ ವಿಷಯದಲ್ಲಿ ನಡೆಯಲ್ಲ.

ಐದೂವರೆ ವಾರ ಹಿಡೀತು. ನವೆಂಬರ್ ಮಧ್ಯದ ಹೊತ್ತಿಗೆ ಅವನ ಬಟ್ಟಲಿನಲ್ಲಿ ಅನ್ನ ಇರಲಿಲ್ಲ. ಡಿಸೆಂಬರ್ ಕೊನೆಗೆ ತೂಕ 2.8 ಕೆಜಿ. ರೋಮ ಕೈಗೆ ಜಾರುತ್ತಿತ್ತು. ಕಸದ ಬುಟ್ಟಿಯ ವಾಸನೆ ಅರ್ಧಕ್ಕೆ ಇಳೀತು, ಇದನ್ನ ಎಲ್ಲರಿಗಿಂತ ಮೊದಲು ಗಮನಿಸಿದ್ದು ಅದನ್ನ ತೆಗೆಯೋ ರಾಯಚೂರಿನವಳು.

ಜನವರಿಯಲ್ಲಿ ಕೆಳಗಿನ ಆಂಟಿಯ ಮಗಳು ಏಳು ತಿಂಗಳಾಗಿ ತವರಿಗೆ ಬಂದರು. ಮೂರನೇ ದಿನ ಆಂಟಿ ಮೇಲೆ ಬಂದರು. ಕೂರಲಿಲ್ಲ. "ನೋಡ್ರಮ್ಮಾ, ನಾನು ಇಷ್ಟು ದಿನ ಏನೂ ಅಂದಿಲ್ಲ. ಬಸುರಿ ಇರೋ ಮನೇಲಿ ಬೆಕ್ಕು ಇರಬಾರದಂತೆ, ಅದೇನೋ ರೋಗ ಬರುತ್ತಂತೆ. ನೀವು ಹಸಿ ಮಾಂಸ ಬೇರೆ ಹಾಕ್ತೀರ. ಬೇಜಾರು ಮಾಡ್ಕೋಬೇಡಿ, ಎಲ್ಲಾದ್ರೂ ಒಳ್ಳೇ ಕಡೆ ಬಿಟ್ಬನ್ನಿ" ಅಂದರು. ಬೆಲ್ಲ ಅವರ ಕಾಲಿಗೆ ಮೈ ಉಜ್ಜುತ್ತಿದ್ದ. ಅವನಿಗೆ ಎರಡು ವರ್ಷ ಮೊಸರನ್ನ ಹಾಕಿದ ಕೈ ಅದು. ಅವರಿಗೂ ಅದನ್ನ ಹೇಳೋಕೆ ಸುಲಭ ಇರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಂದು ವಾರ ಟೈಮ್ ಕೇಳಿದ್ವಿ.

ಆ ವಾರ ಮನೆಯಲ್ಲಿ ಜಗಳವೋ ಜಗಳ. ಇದು ಮೂಢನಂಬಿಕೆ, ವಾದ ಮಾಡಿ ಗೆಲ್ಲೋಣ ಅಂತ ಒಬ್ಬಳು. ಮನೆ ಅವರದ್ದು, ಹೊಟ್ಟೆಯಲ್ಲಿರೋ ಮಗು ಅವರದ್ದು, ಗೆಲ್ಲೋದೇನು ಬಂತು ಅಂತ ಒಬ್ಬಳು. ಮೊದಲು ವಿಷಯ ಏನು ಅಂತ ಓದೋಣ ಅಂತ ಇನ್ನೊಬ್ಬಳು. ಓದಿದ್ವಿ.

ರೋಗದ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಬಸುರಿಯಲ್ಲಿ ಹೊಸದಾಗಿ ಬಂದರೆ ಮಗುವಿನ ಕಣ್ಣು, ಮಿದುಳಿಗೆ ತೊಂದರೆ ಆಗಬಹುದು, ಅದು ನಿಜ. ಜನರಿಗೆ ಇದು ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪು ತರಕಾರಿಯಿಂದಲೂ ಬರುತ್ತೆ. ಬೆಕ್ಕು ಸೋಂಕು ತಗುಲಿದ ಹೊಸದರಲ್ಲಿ ಒಂದೆರಡು ವಾರ ಮಲದಲ್ಲಿ ರೋಗಾಣುವಿನ ಮೊಟ್ಟೆಯಂಥದ್ದನ್ನ ಬಿಡುತ್ತೆ. ಅದು ಕೂಡಲೇ ಅಂಟಲ್ಲ, 1ರಿಂದ 5 ದಿನ ಬೇಕು. ದಿನಾ ಕಸ ತೆಗೆದರೆ ಅಪಾಯ ತುಂಬಾ ಕಮ್ಮಿ. ಬೆಕ್ಕಿಗೆ ಅದು ಬರೋದು ಹೇಗೆ? ಇಲಿ, ಹಕ್ಕಿ ಹಿಡಿದು ತಿಂದು, ಇಲ್ಲವೇ ಹಸಿ ಮಾಂಸ ತಿಂದು. ಮನೆಯೊಳಗೇ ಇದ್ದು ಬೆಂದದ್ದು ತಿನ್ನೋ ಬೆಕ್ಕಿಗೆ ಬರೋ ದಾರಿಯೇ ಇಲ್ಲ ಅನ್ನಬಹುದು. ಬೆಲ್ಲನ ಮಟ್ಟಿಗೆ ತೆರೆದಿದ್ದ ಬಾಗಿಲು ಒಂದೇ, ಅದು ಅವನ ಬಟ್ಟಲು.

ಮಾಂಸವನ್ನ ಮೈನಸ್ 18 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಈ ರೋಗಾಣುವಿನ ಅಪಾಯ ಬಹಳ ಕಮ್ಮಿ ಆಗುತ್ತೆ. ನಮ್ಮ ಫ್ರೀಜರ್ ಎಷ್ಟು ತಣ್ಣಗಿದೆ? ಲ್ಯಾಬಿನಲ್ಲಿ ಬಳಸೋ ಡಿಎಸ್18ಬಿ20 ಸೆನ್ಸರ್ ಒಂದನ್ನ ಆರ್ಡುಯಿನೋಗೆ ಕಟ್ಟಿ ಐದು ದಿನ ಒಳಗಿಟ್ಟು ನೋಡಿದ್ವಿ. ರಾತ್ರಿ ಮೈನಸ್ 14. ಕರೆಂಟ್ ಹೋದ ಮಧ್ಯಾಹ್ನ ಮೈನಸ್ 6. ಮೈನಸ್ 18 ಒಂದು ನಿಮಿಷವೂ ಬರಲಿಲ್ಲ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳಂತೂ ಎಷ್ಟೇ ಫ್ರೀಜ್ ಮಾಡಿದರೂ ಪೂರ್ತಿ ಸಾಯಲ್ಲ. ಹಕ್ಕಿಜ್ವರವೂ ಹಾಗೇ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಫ್ರೀಜ್ ಮಾಡಿದ ಹಸಿ ಮಾಂಸದ ಆಹಾರ ತಿಂದ ಮನೆಬೆಕ್ಕು ಹಕ್ಕಿಜ್ವರದಿಂದ ಸತ್ತಿತ್ತು. 2025ರ ಆರಂಭದಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ, ಆ ಕಡೆ ಬಳ್ಳಾರಿ ಜಿಲ್ಲೆಗಳಲ್ಲೂ ಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತು. ಬೇಯಿಸಿದರೆ ಇವೆಲ್ಲ ಸಾಯುತ್ತವೆ.

ಹಾಗಾದರೆ ಬೇಯಿಸಿದರೆ ಏನು ಕಳೆದುಕೊಳ್ಳುತ್ತೀವಿ? ಹಸಿ ಮಾಂಸವೇ ಶ್ರೇಷ್ಠ ಅನ್ನೋರು ಯಾವಾಗಲೂ ತೋರಿಸೋದು ಫ್ರಾನ್ಸಿಸ್ ಪಾಟೆಂಜರ್ ಅನ್ನೋ ಅಮೆರಿಕದ ಡಾಕ್ಟರ್ ಮಾಡಿದ ಪ್ರಯೋಗವನ್ನ. 1932ರಿಂದ 1942ರವರೆಗೆ ನೂರಾರು ಬೆಕ್ಕುಗಳಿಗೆ ಒಂದು ಕಡೆ ಹಸಿ, ಇನ್ನೊಂದು ಕಡೆ ಬೇಯಿಸಿದ ಮಾಂಸ ಕೊಟ್ಟು ನೋಡಿದರು. ಬೇಯಿಸಿದ್ದು ತಿಂದವು ತಲೆಮಾರಿನಿಂದ ತಲೆಮಾರಿಗೆ ಸೊರಗಿದವು. ಆದರೆ ವರ್ಷ ನೋಡಿ. ಬೆಕ್ಕಿಗೆ ಟಾರಿನ್ ಬೇಕೇ ಬೇಕು ಅಂತ ಗೊತ್ತಾಗೋಕೆ ಆಗಿನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ಮಾಂಸ ಬೇಯಿಸಿದರೆ ಟಾರಿನ್ ನೀರಿಗೆ ಇಳಿದುಹೋಗುತ್ತೆ, ಆ ನೀರು ಚೆಲ್ಲಿದರೆ ಅದೂ ಚರಂಡಿಗೆ. ಆ ಬೆಕ್ಕುಗಳಿಗೆ ಏನು ಕಮ್ಮಿ ಆಗಿರಬಹುದು ಅನ್ನೋದು ಈಗ ಊಹಿಸಬಹುದು. ನಮ್ಮ ಶೀಟ್‌ನಲ್ಲಿ ಟಾರಿನ್ ಕಾಲಂ ಬೇರೆಯಾಗಿಯೇ ಇತ್ತು. ಕ್ಯಾಲ್ಸಿಯಂ ಮೊಟ್ಟೆಚಿಪ್ಪಿನಿಂದ ಬರುತ್ತಿತ್ತು. ಕೋಳಿಮೂಳೆ ಮೇಲೆ ನಂಬಿಕೊಂಡಿದ್ದರೆ ಕಷ್ಟವಾಗುತ್ತಿತ್ತು, ಯಾಕಂದರೆ ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ. ಮೇಡಂ ಹತ್ತಿರ ಹೋಗಿ ಕೇಳಿದ್ವಿ. ಬೇಯಿಸಿ, ನೀರು ಚೆಲ್ಲಬೇಡಿ, ಪುಡಿಗಳನ್ನ ಆರಿದ ಮೇಲೆ ಬೆರೆಸಿ, ಥಯಮಿನ್ ಸ್ವಲ್ಪ ಜಾಸ್ತಿ ಮಾಡಿ ಅಂತ ತಿದ್ದಿ ಕೊಟ್ಟರು.

ಅಷ್ಟು ಹೊತ್ತಿಗೆ ನಮಗೆ ಒಂದು ಸ್ಪಷ್ಟವಾಗಿತ್ತು. "ಸಮತೋಲನದ ಹಸಿ ಮಾಂಸ" ಅನ್ನೋದರಲ್ಲಿ ಬೆಲ್ಲನನ್ನ ಉಳಿಸಿದ ಪದಗಳು ಸಮತೋಲನ ಮತ್ತು ಮಾಂಸ. ಹಸಿ ಅನ್ನೋದನ್ನ ಬಿಟ್ಟುಕೊಡಬಹುದಿತ್ತು. ಬೆಕ್ಕನ್ನ ಬಿಟ್ಟುಕೊಡೋಕೆ ಆಗುತ್ತಿರಲಿಲ್ಲ.

ಭಾನುವಾರ ಕೆಳಗೆ ಹೋದ್ವಿ. ಆಂಟಿಗಿಂತ ಹೆಚ್ಚಾಗಿ ಅವರ ಮಗಳೇ ಕೇಳಿಸಿಕೊಂಡರು. ಮೂರು ಮಾತು ಕೊಟ್ಟಿದ್ದೀವಿ: ಮಾಂಸ ಇನ್ನು ಮೇಲೆ ಒಳಗಿನವರೆಗೂ ಬೆಂದಿರುತ್ತೆ, ಕಸ ದಿನಾ ನಾವೇ ತೆಗೆದು ಕಟ್ಟಿ ಹಾಕ್ತೀವಿ, ಬೆಲ್ಲ ಮೆಟ್ಟಿಲು ಇಳಿಯಲ್ಲ. ಅಕ್ಕ ಅವರ ಡಾಕ್ಟರ್ ಹತ್ತಿರ ಕೇಳಿ ರಕ್ತಪರೀಕ್ಷೆ ಮಾಡಿಸಿಕೊಂಡರು. ಡಾಕ್ಟರ್ ಅವರಿಗೆ ಹೇಳಿದ್ದೂ ಇದನ್ನೇ, ಜೊತೆಗೆ ಸೊಪ್ಪು ಚೆನ್ನಾಗಿ ತೊಳೆಯಿರಿ ಅಂತ. ಆಂಟಿ ಪೂರ್ತಿ ಒಪ್ಪಿದರು ಅಂತ ಹೇಳಲ್ಲ. "ಹೆರಿಗೆ ಆಗೋವರೆಗೂ ನೋಡೋಣ" ಅಂದರು. ಏಪ್ರಿಲ್‌ನಲ್ಲಿ ಹೆಣ್ಣುಮಗು ಆಯ್ತು, ಇಬ್ಬರೂ ಚೆನ್ನಾಗಿದ್ದಾರೆ. ಬೆಕ್ಕಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಬೆಲ್ಲ 3.3 ಕೆಜಿ. ಬೆಂದದ್ದಕ್ಕೆ ಬದಲಾಯಿಸುವಾಗ ಅವನು ಎರಡೇ ದಿನದಲ್ಲಿ ಒಪ್ಪಿಕೊಂಡ, ವಾಸನೆ ಗೊತ್ತಿದ್ದದ್ದೇ ಅಲ್ಲವೇ. ವಾರಕ್ಕೊಂದು ಸಲ, ಶನಿವಾರ ಸಂಜೆ ಒಂದೂವರೆ ಗಂಟೆ ಕೆಲಸ. ಶಿವರಾತ್ರಿ, ರಾಮನವಮಿ, ಗಾಂಧಿ ಜಯಂತಿಗೆ ಪಾಲಿಕೆ ಮಾಂಸ ಮಾರಾಟ ನಿಲ್ಲಿಸೋದರಿಂದ ಕ್ಯಾಲೆಂಡರ್ ನೋಡಿ ಮೊದಲೇ ಡಬ್ಬಿ ತುಂಬಿಡುತ್ತೀವಿ. ಆರು ತಿಂಗಳಿಗೊಮ್ಮೆ ಕಣ್ಣು, ಎದೆ ಪರೀಕ್ಷೆ. ಇಷ್ಟು ಸಮಯ ನಿಮಗಿಲ್ಲ ಅಂದರೆ ದಯವಿಟ್ಟು ಶುರು ಮಾಡಬೇಡಿ, ಡಾಕ್ಟರ್ ಹೇಳಿದ ಪ್ಯಾಕೆಟ್ ಆಹಾರ ಹಾಕಿ. ಅರ್ಧಂಬರ್ಧ ಮನೆಯಡುಗೆಗಿಂತ ಅದೇ ಎಷ್ಟೋ ಮೇಲು.

ಕೊನೆಗೆ ನಮ್ಮ ಕ್ಯಾಂಟೀನ್ ಹಿಂದಿನ ಬೆಕ್ಕುಗಳ ಮಾತು. ನಿಮ್ಮಲ್ಲಿ ಎಷ್ಟೋ ಜನ ಪ್ರೀತಿಯಿಂದ ಅವಕ್ಕೆ ಸಾಂಬಾರ್ ಅನ್ನ, ಕಬಾಬ್ ತುಂಡು, ಎಗ್ ರೈಸ್ ಹಾಕ್ತೀರ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನ ಒಡೆಯುತ್ತವೆ, ಬೆಂದಿದ್ದರೂ ಅಷ್ಟೇ. ಹಾಲು ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹೊಟ್ಟೆ ಕೆಡಿಸುತ್ತೆ. ಮಾಡಬೇಕು ಅನ್ನಿಸಿದರೆ ಒಂದು ಬೇಯಿಸಿದ ಮೊಟ್ಟೆ ಸುಲಿದು, ಮಸಾಲೆ ಇಲ್ಲದೆ, ಚೂರು ಮಾಡಿ ಹಾಕಿ. ಪಕ್ಕದಲ್ಲಿ ಒಂದು ಬಟ್ಟಲು ನೀರಿಡಿ. ಮೊಟ್ಟೆಯ ಚಿಪ್ಪನ್ನ ಎಸೆಯಬೇಡಿ, ಒಂದು ಕವರ್‌ನಲ್ಲಿ ಹಾಕಿ ಕನ್ನಡ ಸಂಘದ ರೂಮಿನ ಹತ್ತಿರ ಇಡಿ. ನಾವು ಬಂದು ತಗೊಂಡು ಹೋಗ್ತೀವಿ, ತಿಂಗಳಿಗೆ 20 ಗ್ರಾಂ ಮೇಲೆ ಬೇಕಾಗುತ್ತೆ.